ನೀರು ಯಾರು ಕಟ್ತಾರೆ?

ತೋಟ ನೋಡಿ ನೋಡಿ ನನಗೆ ಸಾಕುಸಾಕಾಗಿ ಹೋಗಿತ್ತು. ಹಸಿರು ಕಂಡರೆ ಕಣ್ಣಿಗೆ ತಂಪು ಎಂದು ಹೇಳುವವರನ್ನು ಎತ್ತಿನ ಗಾಡಿಯಲ್ಲಿ ಕೂರಿಸಿ, ಮಾಘದ ಬಿಸಿಲಲ್ಲಿ ಊರೂರಿನ ತೋಟ ತಿರುಗಿಸಬೇಕು. ಆಗ ಗೊತ್ತಾಗುತ್ತದೆ. ನನಗಂತೂ ಆ ಸಲ ಬಾಳೆಗಿಡ ಕಂಡರೆ ಮೈ ಉರಿಯುತ್ತಿತ್ತು. ಸೊಂಟ ಇದೆಯೋ ಮುರಿದು ದಾರಿಯಲ್ಲಿ ಬಿದ್ದಿದೆಯೋ ತಿಳಿಯುತ್ತಿರಲಿಲ್ಲ.

ಹೊರಟಿದ್ದು ನನ್ನ ತಮ್ಮ ಮುರುಗೇಶಪ್ಪನ ಮಗಳು ಚಂದ್ರಿಗೆ ಗಂಡು ಗೊತ್ತು ಮಾಡುವುದಕ್ಕೆ. ಮುರುಗೇಶನದು ದುರ್ಗದ ಪೇಟೆಯಲ್ಲಿ ಕಾಳಿನ ಅಂಗಡಿ. ಹೆಂಡತಿ ಚಂದ್ರಿಯನ್ನು ಹೆತ್ತು ಬಾಣಂತಿತನದಲ್ಲೇ ಹೋದಳು. ಕೂಸನ್ನು ಎತ್ತಿಕೊಂಡಿದ್ದು ನಾನು, ಮರುಳಸಿದ್ದಮ್ಮ. ಅಷ್ಟು ಹೊತ್ತಿಗೆ ನಾನೂ ಗಂಡನನ್ನು ಕಳೆದುಕೊಂಡು ತವರು ಸೇರಿದ್ದೆ. ನನಗೆ ಮಕ್ಕಳಿಲ್ಲ. ಇದ್ದದ್ದು ಅವಳೊಬ್ಬಳೇ.

ಗಂಡಿನವರು ಬಂದು ಹುಡುಗಿಯನ್ನು ನೋಡಿ ಹೋಗುವುದು, ಆಮೇಲೆ ಹೆಣ್ಣಿನ ಕಡೆಯವರು ಹೋಗಿ ಅವರ ಮನೆ, ಹೊಲ, ತೋಟ ನೋಡಿ ಬರುವುದು ನಮ್ಮ ಕಡೆಯ ಪದ್ಧತಿ. ಚಂದ್ರಿಯನ್ನು ಮೂರು ಮನೆಯವರು ಒಪ್ಪಿದ್ದರು. ಒಂದು ಹಿರಿಯೂರು ಸೀಮೆಯ ಹರಿಯಬ್ಬೆ, ಒಂದು ಹೊಸದುರ್ಗದ ಕಡೆ, ಇನ್ನೊಂದು ಹೊಳಲ್ಕೆರೆ ಸೀಮೆಯ ಬಿ.ದುರ್ಗ. ಮೂವರದೂ ತೋಟದ ಮನೆ. ಮೂರನ್ನೂ ಒಂದೇ ಸುತ್ತಿಗೆ ನೋಡಿಕೊಂಡು ಬರೋಣ ಎಂದು ಮುರುಗೇಶ ಗಾಡಿ ಕಟ್ಟಿಸಿದ.

ಇದಕ್ಕೆ ಇನ್ನೊಂದು ಕಟ್ಟಳೆ ಉಂಟು. ಮಾತು ಕೂಡುವ ತನಕ ಹೆಣ್ಣಿನ ಕಡೆಯವರು ಗಂಡಿನ ತೋಟದ ಹಣ್ಣು ಮುಟ್ಟುವಂತಿಲ್ಲ, ಬಾವಿಯ ನೀರು ಕುಡಿಯುವಂತಿಲ್ಲ. ತಿಂದರೆ ಒಪ್ಪಿದ ಹಾಗೆ. ಯಾರು ಮಾಡಿದರೋ ಇದನ್ನು! ಮಾಡಿದವರು ಬಿಸಿಲಲ್ಲಿ ಗಾಡಿ ಹತ್ತಿದವರಲ್ಲ. ಹಣ್ಣು ಜೋತಾಡುವ ಗಿಡಗಳ ನಡುವೆ ಓಡಾಡಿ, ನಮ್ಮ ಗಡಿಗೆಯ ಬೆಚ್ಚನೆಯ ನೀರು ಕುಡಿದು, ನಾವು ತಂದ ಒಣರೊಟ್ಟಿ ಕಡಿದುಕೊಂಡು ಮುಂದಿನ ಊರಿಗೆ ಹೋಗಬೇಕು. ಗಾಡಿ ಹೊಡೆಯುವ ಜುಂಜಣ್ಣನಿಗೆ ಈ ಕಟ್ಟಳೆ ಇರಲಿಲ್ಲ. ಅವನು ಗೊಲ್ಲರ ಹಟ್ಟಿಯವನು, ಈ ಬೀಗತನಕ್ಕೆ ಸಂಬಂಧಪಟ್ಟವನಲ್ಲ. ಹೋದಲ್ಲೆಲ್ಲ ತಿನ್ನುವುದೇ ಅವನ ಕೆಲಸವಾಗಿತ್ತು.

ಹೊರಡುವ ದಿನ ಬೆಳಿಗ್ಗೆ ಚಂದ್ರಿ ಬುತ್ತಿ ಕಟ್ಟಿಕೊಟ್ಟಳು. ಗಂಡು ಹೇಗಿರಬೇಕು, ಮನೆ ಹೇಗಿರಬೇಕು ಎಂದು ಏನಾದರೂ ಅಂದಾಳು ಎಂದು ಕಾದೆ. ಗಂಟು ಬಿಗಿಯುತ್ತ ತಲೆ ಬಗ್ಗಿಸಿಕೊಂಡೇ ಅಂದಳು.

"ಅತ್ತೆ, ನೀವು ಎಲ್ಲಿಗೆ ಕೊಟ್ರೂ ಹೋಗ್ತೀನಿ. ಪಂಚಮಿಗೆ ಬಂದು ನಿಮ್ಮನ್ನ ನೋಡೋ ಹಂಗಿದ್ರೆ ಸಾಕು."

ಪಂಚಮಿ ಅಂದದ್ದು ನನಗೆ ನಾಟಿತು. ಅದಕ್ಕೆ ಕಾರಣ ಇತ್ತು. ನನ್ನ ಅಪ್ಪ ನನ್ನನ್ನು ಹೊಸದುರ್ಗದ ಕಡೆಗೆ ಕೊಟ್ಟಿದ್ದು ತೋಟ ನೋಡಿಯೇ. ತೆಂಗು, ಬಾಳೆ, ಎಲೆಬಳ್ಳಿ, ತರಕಾರಿ ಎಲ್ಲ ಇದ್ದ ತೋಟ. ನೋಡಿ ಬಂದವನು ವಾರಗಟ್ಟಲೆ ಅದನ್ನೇ ಹೊಗಳಿದ. ಆ ತೋಟಕ್ಕೆ ದಿನಾ ನೀರು ಕಟ್ಟಬೇಕು ಎಂದು ಅವನಿಗೆ ಹೊಳೆಯಲೇ ಇಲ್ಲ. ಗಂಡಸು ಕಪಿಲೆ ಹೊಡೆದು ಬಾವಿಯಿಂದ ನೀರೆತ್ತುತ್ತಾನೆ, ಸೊಸೆ ಗುದ್ದಲಿ ಹಿಡಿದು ಕಾಲುವೆಯಲ್ಲಿ ನಿಂತು ಒಂದೊಂದೇ ಮಡಿಗೆ ನೀರು ತಿರುಗಿಸುತ್ತಾಳೆ. ಹಬ್ಬ ಅಂದರೆ ಗಿಡ ಕೇಳುತ್ತದೆಯೇ? ಪಂಚಮಿಗೂ ಮಳೆ ಕಾಣದ ಸೀಮೆ ನಮ್ಮದು. ಪ್ರತಿ ಸಲ ಅಣ್ಣತಮ್ಮಂದಿರು ಕರೆಯಲು ಬಂದಾಗಲೂ ಅತ್ತೆ, "ಕಳಿಸಾಕೆ ಏನಂತೆ, ನೀರು ಯಾರು ಕಟ್ತಾರೆ?" ಅನ್ನುವಳು. ಅವ್ವನಿಗೆ ಕಾಯಿಲೆ ಎಂದು ಬಂದಾಗಲೂ ಅದೇ ಮಾತು. ಗಂಡ ಸತ್ತ ಮೇಲೆ ನನ್ನನ್ನು ತವರಿಗೆ ಕಳಿಸಿದರು. ಆಗ ಅವ್ವ ಇರಲಿಲ್ಲ.

ಹಾಗಾಗಿ ನಾನು ತೋಟ ನೋಡಲು ಹೊರಟಿರಲಿಲ್ಲ. ಆ ಮಾತನ್ನು ಮೂರು ಮನೆಯವರ ಮುಂದೆ ಇಟ್ಟು ಉತ್ತರ ಕೇಳಲು ಹೊರಟಿದ್ದೆ.

ಹಿರಿಯೂರು ದಾಟುವಾಗ ಮಾರಿಕಣಿವೆಯ ಹೊಸ ಕಾಲುವೆ ಕಾಣಿಸಿತು. ಅಣೆಕಟ್ಟೆ ಎದ್ದು ಮೂರ್ನಾಲ್ಕು ವರ್ಷವಾಗಿತ್ತು, ಜನ ಇನ್ನೂ ನಿಂತು ನೀರು ನೋಡುತ್ತಿದ್ದರು. ಮುರುಗೇಶ ಗಾಡಿಯಿಂದ ಇಳಿದು ಕೈಕಾಲು ತೊಳೆದುಕೊಂಡ. "ನೋಡಕ್ಕ, ಬಾವಿ ಬೇಡ, ಕಪಿಲೆ ಬೇಡ, ತಾನೇ ಹರಕಂಡು ಬರ್ತೈತೆ," ಅಂದ. "ಬಂದ ನೀರು ಮಡಿಗೆ ತಾನೇ ಹತ್ತುತ್ತೇನೋ?" ಅಂದೆ. ಅವನು ಕೈ ಒರೆಸಿಕೊಂಡು ಗಾಡಿ ಹತ್ತಿದ.

ಹರಿಯಬ್ಬೆಯ ಗಂಡಿನ ಅಪ್ಪ ರೇವಣಸಿದ್ದಪ್ಪ ಊರ ಮುಂದಕ್ಕೇ ಬಂದು ಕಾದಿದ್ದ. ಜರಿ ರುಮಾಲು, ದೊಡ್ಡ ದನಿ. "ಬರ್ರಿ ಬರ್ರಿ, ಮೊದ್ಲು ತೋಟ ನೋಡ್ರಿ, ಆಮ್ಯಾಕೆ ಮಾತು." ತೋಟ ನಿಜವಾಗಿಯೂ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ನಿಂಬೆ ಗಿಡ ಕೆಳಕ್ಕೆ ಬಾಗಿದ್ದವು. ದಾಳಿಂಬೆ ಹಣ್ಣಾಗಿ ಬಿರಿದಿದ್ದವು. ಬಾಳೆ, ಬದನೆ, ಹೀರೆಯ ಚಪ್ಪರ. ಒಂದು ಸುತ್ತು ಹಾಕಿದ ಮೇಲೆ ಇನ್ನೊಂದು ಸುತ್ತು ಕರೆದೊಯ್ದ. ಪ್ರತಿ ಗಿಡದ ಹತ್ತಿರ ನಿಂತು ಅದರ ಹುಟ್ಟು ಬೆಳವಣಿಗೆ ಹೇಳುವನು. ನನ್ನ ಪಾದ ಊದಿದ್ದವು. ಅವನನ್ನೂ ಅವನ ನಿಂಬೆಯನ್ನೂ ಬಿಟ್ಟು ಹಿಂದೆ ಉಳಿದೆ.

ಕಾಲುವೆಯಲ್ಲಿ ಒಬ್ಬಳು ಸೀರೆ ಎತ್ತಿ ಕಟ್ಟಿಕೊಂಡು ನೀರು ತಿರುಗಿಸುತ್ತಿದ್ದಳು. ಹಿರಿಯ ಸೊಸೆಯಂತೆ, ಜಯಕ್ಕ ಎಂದು ಹೆಸರು.

"ತವರು ಯಾವೂರವ್ವ?"

"ಧರ್ಮಪುರ."

"ಅಯ್ಯ, ಮಗ್ಗುಲಲ್ಲೇ ಐತೆ! ಯಾವಾಗ ಹೋಗಿದ್ದೆ?"

ಅವಳು ಮನೆಯ ಕಡೆ ಒಂದು ಸಲ ನೋಡಿ, ಬಗ್ಗಿ ಮಣ್ಣು ಎಳೆಯತೊಡಗಿದಳು. "ಬಾಣಂತಿತನಕ್ಕೆ ಹೋಗಿದ್ದೆ."

"ಕೂಸು ಎಲ್ಲೈತೆ?"

ಅವಳು ಗುದ್ದಲಿಯಿಂದ ಬಾವಿಯ ಕಡೆ ತೋರಿಸಿದಳು. ಅಲ್ಲಿ ಒಬ್ಬ ಹುಡುಗ ಕಪಿಲೆಯ ಹಗ್ಗದ ಮೇಲೆ ಕೂತು ಎತ್ತುಗಳನ್ನು ಇಳಿಜಾರಿಗೆ ಹೊಡೆಯುತ್ತಿದ್ದ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನೇರ ರೇವಣಸಿದ್ದಪ್ಪನ ಮುಂದೆ ಹೋಗಿ ನಿಂತೆ. "ಯಜಮಾನ್ರೆ, ತೋಟ ಕಂಡಿದ್ದಾಯ್ತು. ಒಂದು ಮಾತು ಹೇಳ್ರಿ. ಸೊಸೆ ತವರಿಗೆ ಹೋದ್ರೆ ನೀರು ಯಾರು ಕಟ್ತಾರೆ?"

ಅವನು ಹೊಟ್ಟೆ ಕುಲುಕಿಸಿ ನಕ್ಕ. "ತವರಿಗೆ ಯಾಕೆ ಹೋಗ್ಬೇಕವ್ವ? ಇಲ್ಲಿ ಏನ್ ಕಮ್ಮಿ ಐತೆ?"

ಇದಕ್ಕೆ ತಕ್ಕ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವನ ಹಿಂದೆ ನಿಂತಿದ್ದ ನನ್ನ ತಮ್ಮ ಕಣ್ಣಿಗೆ ಬಿದ್ದ. ಬಾಯಿ ಆಡುತ್ತಿತ್ತು. ಗಲ್ಲದ ಮೇಲೆ ಕೆಂಪು ರಸ ಇಳಿದಿತ್ತು. ಕೈಯಲ್ಲಿ ಅರ್ಧ ದಾಳಿಂಬೆ.

ರೇವಣಸಿದ್ದಪ್ಪನೂ ತಿರುಗಿ ನೋಡಿದ. ಮುಖ ಅರಳಿತು. "ಆಯ್ತಲ್ಲ ಮಾತು! ಲೇ, ಬೆಲ್ಲ ತರ್ರೋ!"

"ನಿಂದರ್ರಿ," ಅಂದೆ. "ಅವನು ಹೆತ್ತೋನು. ಸಾಕಿದೋಳು ನಾನು. ನನ್ನ ಬಾಯಿಗೆ ಇನ್ನೂ ಒಂದು ಕಾಳೂ ಬಿದ್ದಿಲ್ಲ."

ಅವನ ನಗು ಹಾಗೇ ನಿಂತಿತು. ಸಾಕಿದವಳ ಮಾತು ತೆಗೆದುಹಾಕುವಂತಿರಲಿಲ್ಲ. "ಆಗ್ಲಿ. ಬರೋ ಸೋಮವಾರದೊಳಗೆ ಹೇಳಿ ಕಳಿಸ್ರಿ. ಬೇರೆ ಕಡೆ ಗೊತ್ತಾಯ್ತು ಅಂದ್ರೆ ಸುಮ್ಕಾಗ್ತೀನಿ. ಸುಮ್ನೆ ಒಲ್ಲೆ ಅಂದ್ರೆ, ಹಣ್ಣು ತಿಂದು ಬಾಯಿ ಒರೆಸ್ಕಂಡು ಹೋದ್ರು ಅಂತ ದುರ್ಗದ ಪೇಟೆ ತುಂಬ ಹೇಳ್ತೀನಿ, ನೋಡ್ರಿ."

ಗಾಡಿ ಹತ್ತಿದ ಮೇಲೆ ಮುರುಗೇಶನಿಗೆ ಬಾಯಿಗೆ ಬಂದಂತೆ ಬೈದೆ. "ನಿನ್ನ ನಾಲಿಗೆಗೆ ಬೆಂಕಿ ಹಾಕ! ಒಂದು ಗಳಿಗೆ ತಡಕಳಾಕೆ ಆಗ್ಲಿಲ್ವೇನೋ?"

"ಆ ಯಜಮಾನನೇ ಕೈಗೆ ಕೊಟ್ಟ, ಅಕ್ಕ. ಬಿಡಿಸಿ ಕೊಟ್ಟ. ನಾನು ಎಲ್ಲಿದ್ದೀನಿ ಅನ್ನೋದೇ ಮರೆತುಹೋಯ್ತು." ಅವನ ದನಿ ಅಳುವವನ ದನಿಯಂತಿತ್ತು. ಅವನೂ ನನ್ನಷ್ಟೇ ಸೋತಿದ್ದ.

"ಹಣ್ಣು ಮಾತ್ರ ಚೆನ್ನಾಗಿತ್ತು, ಅವ್ವಾರೆ," ಅಂದ ಮುಂದೆ ಕೂತಿದ್ದ ಜುಂಜಣ್ಣ.

"ನೀನು ಬಾಯಿ ಮುಚ್ಕಂಡು ಗಾಡಿ ಹೊಡಿ."

ಹೊಸದುರ್ಗದ ದಾರಿ ಮುಗಿಯಲೊಲ್ಲದು. ಕಲ್ಲು, ಧೂಳು, ಜಾಲಿ, ಮತ್ತೆ ಕಲ್ಲು. ಬೇರೆ ಕಡೆ ಗೊತ್ತಾಗದಿದ್ದರೆ ಚಂದ್ರಿ ಹರಿಯಬ್ಬೆಗೆ ಹೋಗಬೇಕು. ಆ ಜಯಕ್ಕನ ಮಗ್ಗುಲಲ್ಲಿ ನಿಲ್ಲಬೇಕು. ನಾನು ಸಾಯುವ ಹೊತ್ತಿಗೆ ಅವಳನ್ನು ಕರೆಯಲು ಹೋದವರಿಗೆ ಆ ಜರಿ ರುಮಾಲಿನವನು ನಗುತ್ತ ಉತ್ತರ ಹೇಳಬೇಕು. ದಾರಿಯುದ್ದಕ್ಕೂ ಇದೇ ಯೋಚನೆ. ನಾನು ಬಾಳಿದ ತೋಟ ಬಲಕ್ಕೆ ಬಂದಾಗ ಎಡಕ್ಕೆ ತಿರುಗಿ ಕೂತೆ. ಜುಂಜಣ್ಣನಿಗೆ ಯಾಕೆಂದು ಗೊತ್ತಿತ್ತು, ಎತ್ತುಗಳನ್ನು ಸ್ವಲ್ಪ ಓಡಿಸಿದ.

ಹೊಸದುರ್ಗದ ಕಡೆಯ ಗಂಡಿನ ಅಪ್ಪ ಸಣ್ಣಪ್ಪ ಒಳ್ಳೆಯ ಮನುಷ್ಯನೇ. ಎಳನೀರು ಕೆತ್ತಿ ನಮ್ಮ ಮುಂದೆ ಸಾಲಾಗಿ ಇಟ್ಟ. ಒಳಗಿನ ನೀರು ಕಾಣುತ್ತಿತ್ತು. ಮುರುಗೇಶ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ನಾನು ನನ್ನ ಮಾತು ಕೇಳಿದೆ. ಸಣ್ಣಪ್ಪ ಬಹಳ ಯೋಚನೆ ಮಾಡಿದ. ಯೋಚನೆ ಮಾಡಿ, "ಅವಳು ಹೋಗೋದ್ಯಾಕೆ, ನೀವೇ ಇಲ್ಲಿಗೆ ಬರ್ರಿ. ಎಳನೀರು ಕುಡ್ಕಂಡು, ತೋಟ ನೋಡ್ಕಂಡು ಹೋಗ್ರಿ," ಅಂದ. ಇದನ್ನು ಅವನು ಪ್ರೀತಿಯಿಂದಲೇ ಹೇಳಿದ, ಅದಕ್ಕೇ ಬೈಯಲಾಗಲಿಲ್ಲ. ಎಳನೀರನ್ನೆಲ್ಲ ಜುಂಜಣ್ಣನೇ ಕುಡಿದ.

ಬಿ.ದುರ್ಗ ಮುಟ್ಟುವ ಹೊತ್ತಿಗೆ ನನಗೆ ಆಸೆಯೂ ಉಳಿದಿರಲಿಲ್ಲ, ಸಿಟ್ಟೂ ಉಳಿದಿರಲಿಲ್ಲ. ಊರ ಮಠದಲ್ಲಿ ರಾತ್ರಿ ಕಳೆದು ಬೆಳಿಗ್ಗೆ ತೋಟಕ್ಕೆ ಹೋದೆವು. ನೋಡಿದ ಕೂಡಲೇ ಮುರುಗೇಶ ನನ್ನ ಕಿವಿಯಲ್ಲಿ, "ಇದು ತೋಟ ಅಲ್ಲಕ್ಕ, ಹಿತ್ತಲು," ಅಂದ. ಬದನೆ, ಮೆಣಸಿನ ಗಿಡ, ನೆಲದ ಮೇಲೆ ಹಬ್ಬಿದ ಕುಂಬಳ, ಬದುವಿನಲ್ಲಿ ನಾಲ್ಕು ನಿಂಬೆ, ಬಾವಿಯ ಹತ್ತಿರ ಒಂದು ಸೀಬೆ ಗಿಡ. ಮನೆಯಲ್ಲಿ ತಾಯಿ ದ್ಯಾಮಮ್ಮ, ನಾವು ನೋಡಬಂದ ಗಂಡು ಗಂಗಾಧರಪ್ಪ ಇಬ್ಬರೇ. ಅವಳ ಗಂಡ ತೀರಿಹೋಗಿದ್ದ, ಇದ್ದೊಬ್ಬ ಆಳು ಬಿಟ್ಟುಹೋಗಿದ್ದ. ಮಗ ಕಪಿಲೆ ಹೊಡೆಯುತ್ತಿದ್ದ. ತಾಯಿ ಮೊಣಕಾಲ ತನಕ ಕೆಸರಿನಲ್ಲಿದ್ದಳು. ನನಗಿಂತ ನಾಲ್ಕಾರು ವರ್ಷಕ್ಕೆ ದೊಡ್ಡವಳಿರಬೇಕು.

ನಮ್ಮನ್ನು ಕಂಡು ಅವಳು ಓಡಿ ಬರಲಿಲ್ಲ. "ಬಂದ್ರಾ? ಹೊಂಗೆ ನೆಳ್ಳಿಗೆ ಕುಂತ್ಕಳ್ರಿ. ಈ ಮಡಿ ತುಂಬ್ಲಿ, ಬರ್ತೀನಿ."

ಕೂತೆವು. ಆ ಮಡಿ ತುಂಬಿತು, ಇನ್ನೊಂದೂ ತುಂಬಿತು. ಕಡೆಗೆ ಗುದ್ದಲಿ ಹಿಡಿದುಕೊಂಡೇ ಬಂದಳು. ಮಡಿಲಿನಿಂದ ಒಂದು ಸೀಬೆಹಣ್ಣು ತೆಗೆದು ಜುಂಜಣ್ಣನಿಗೆ ಕೊಟ್ಟಳು. ನಮಗೆ ಕೊಡಲಿಲ್ಲ. "ನೀವು ತಿನ್ನಂಗಿಲ್ಲ, ಗೊತ್ತು," ಅಂದಳು.

ತೋಟ ತೋರಿಸುತ್ತೇನೆ ಎಂದೂ ಅನ್ನಲಿಲ್ಲ. ಅದೊಂದು ಪುಣ್ಯ. ನಾನು ಕೂತಲ್ಲಿಂದಲೇ ಕೇಳಿದೆ. "ನಾಳೆ ಸೊಸೆ ಬಂದ್ಳು ಅಂತ ಇಟ್ಕಳ್ರಿ. ಅವಳು ತವರಿಗೆ ಹೋದಾಗ ನೀರು ಯಾರು ಕಟ್ತಾರೆ?"

"ನಾನು ಕಟ್ತೀನಿ. ಇನ್ಯಾರು ಕಟ್ತಾರೆ?"

ಇಷ್ಟು ಸಲೀಸಾದ ಉತ್ತರ ನಾನು ಎಣಿಸಿರಲಿಲ್ಲ. ಎಣಿಸದೆ ಇದ್ದದ್ದಕ್ಕೇ ನಂಬಿಕೆ ಬರಲಿಲ್ಲ. "ಹುಡುಗಿ ಬರೋ ತನಕ ಎಲ್ರೂ ಹಿಂಗೇ ಅಂತಾರೆ, ಬಿಡ್ರಿ," ಅಂದುಬಿಟ್ಟೆ.

ದ್ಯಾಮಮ್ಮನ ಮುಖ ಗಂಟಾಯಿತು. ಗುದ್ದಲಿಯನ್ನು ನೆಲಕ್ಕೆ ಕುಕ್ಕಿದಳು. "ನಂಬಿದ್ರೆ ನಂಬ್ರಿ, ಇಲ್ಲ ಅಂದ್ರೆ ಬಿಡ್ರಿ. ನಾನೂ ಒಂದು ಕೇಳ್ತೀನಿ, ನೀವೇ ಹೇಳ್ರಿ. ನಾನು ಹೋದ್ರೆ ನೀರು ಯಾರು ಕಟ್ತಾರೆ?"

"ನೀವಾ? ನೀವೆಲ್ಲಿಗೆ?"

"ಯಾಕೆ, ನನಗೆ ತವರಿಲ್ವೇನು?" ಅವಳು ಕೈ ಎತ್ತಿ ಬಯಲಿನ ಆಚೆ ತೋರಿಸಿದಳು. ದೂರದಲ್ಲಿ ಒಂದು ಗುಡ್ಡ ಬಿಸಿಲಿಗೆ ಮಸುಕಾಗಿ ಕಾಣುತ್ತಿತ್ತು. "ಅಗೋ, ರಾಮಗಿರಿ ಗುಡ್ಡ. ಅದರ ಬುಡದಾಗೆ ನಮ್ಮವ್ವ ಅದಾಳೆ. ಕಣ್ಣು ಹೋಗೈತಂತೆ."

"ಅಂತೆ" ಎಂದಳು. ಅರ್ಧ ದಿನದ ಗಾಡಿಯ ದಾರಿ, ಅದನ್ನು ಯಾರೋ ಹೇಳಿ ಕೇಳಿದ್ದಾಳೆ. ದಿನಾ ಬೆಳಗಾದರೆ ಗುಡ್ಡ ನೋಡುತ್ತ ನೀರು ಕಟ್ಟಿದ್ದಾಳೆ.

ಮೂರು ಸೀಮೆ ತಿರುಗಿ, ಕಂಡವರ ಮುಂದೆಲ್ಲ ನಾನು ಕೇಳಿದ್ದು ಸೊಸೆಯ ಸುದ್ದಿ. ಅತ್ತೆಯಾದವಳಿಗೂ ಒಬ್ಬ ತಾಯಿ ಇರುತ್ತಾಳೆ ಎಂದು ತಲೆಗೆ ಹೋಗಿರಲಿಲ್ಲ. ನನ್ನ ಅತ್ತೆಯನ್ನು ನಾನು ಶಪಿಸಿದ್ದೆಷ್ಟು! ಅವಳ ತವರು ಯಾವುದು ಎಂದು ಈಗಲೂ ನನಗೆ ಗೊತ್ತಿಲ್ಲ.

ಎದ್ದೆ. ಸೊಂಟ ಕಟಕಟ ಅಂದಿತು. "ಜುಂಜಣ್ಣ, ಗಾಡಿ ಕಟ್ಟು."

"ಹೋಗಾಣ ಅವ್ವಾರೆ," ಎಂದು ಅವನು ಖುಷಿಯಿಂದ ಎದ್ದ. "ದುರ್ಗಕ್ಕಾ?"

"ರಾಮಗಿರಿಗೆ. ನಾನಲ್ಲ, ಈಯಮ್ಮನ್ನ ಕರ್ಕಂಡು ಹೋಗು."

ದ್ಯಾಮಮ್ಮ ಹೌಹಾರಿದಳು. "ಹುಚ್ಚಾ ನಿಮಗೆ? ಇವತ್ತು ಮೆಣಸಿನ ಗಿಡಕ್ಕೆ ಸರದಿ."

"ಕಟ್ತೀನಿ. ನನಗೆ ಬರ್ತೈತೆ."

"ಹೆಣ್ಣಿನ ಕಡೆಯೋರು ನಮ್ಮ ತೋಟದಾಗೆ ಕೆಸರು ತುಳಿಯೋದಾ? ಜನ ಏನಂದಾರು?"

"ಹಣ್ಣು ತಿನ್ನಬಾರದು ಅಂತ ಐತೆ. ನೀರು ಕಟ್ಟಬಾರದು ಅಂತ ಯಾರೂ ಹೇಳಿಲ್ಲ." ಅವಳ ಕೈಯಿಂದ ಗುದ್ದಲಿ ಕಿತ್ತುಕೊಂಡೆ. ಅವಳು ಮಗನ ಕಡೆ ನೋಡಿದಳು. ಗಂಗಾಧರಪ್ಪ ಎತ್ತು ನಿಲ್ಲಿಸಿದ್ದ. "ಹೋಗವ್ವ," ಅಂದ. ಅಷ್ಟೇ. ಅವಳು ಕಾಲಿನ ಕೆಸರನ್ನೂ ಪೂರ್ತಿ ತೊಳೆಯದೆ ಗಾಡಿ ಹತ್ತಿದಳು.

ನಾನು ಕಾಲುವೆಗೆ ಇಳಿದೆ. ಇನ್ನು ಈ ಜನ್ಮದಲ್ಲಿ ಗುದ್ದಲಿ ಮುಟ್ಟುವುದಿಲ್ಲ ಎಂದುಕೊಂಡು ತವರು ಸೇರಿದ್ದವಳು ನಾನು. ಕೈಗೆ ಎಲ್ಲ ನೆನಪಿತ್ತು. ಒಂದು ಮಡಿಯ ಬಾಯಿ ತೆಗೆ, ನೀರು ಅಂಚಿಗೆ ಬರುವ ತನಕ ಕಾಯಿ, ಮಣ್ಣೆಳೆದು ಮುಚ್ಚು, ಮುಂದಿನದರ ಬಾಯಿ ತೆಗೆ. ಕೆಸರು ತಣ್ಣಗಿತ್ತು. ಬೆನ್ನು ಉರಿಯುತ್ತಿತ್ತು. ಮುರುಗೇಶ ಹೊಂಗೆಯ ಕೆಳಗೆ ಗೊರಕೆ ಹೊಡೆಯುತ್ತಿದ್ದ. ನನಗೆ ಅಳು ಬಂತು, ಅತ್ತುಬಿಟ್ಟೆ. ನೋಡುವವರು ಯಾರೂ ಇರಲಿಲ್ಲ.

ಎತ್ತುಗಳಿಗೆ ಬಿಡುವು ಕೊಟ್ಟಾಗ ಗಂಗಾಧರಪ್ಪ ಹತ್ತಿರ ಬಂದ. ಕಪ್ಪನೆಯ, ಮಾತು ಕಡಿಮೆಯ ಹುಡುಗ. ಕೇಳಿಯೇ ಬಿಟ್ಟೆ. "ಯಾಕಪ್ಪ, ಇಷ್ಟು ದಿನ ಅವ್ವನ್ನ ಕಳಿಸ್ಲಿಲ್ಲ?"

ಅವನು ಕಾಲಿನಿಂದ ಮಣ್ಣು ಕೆದಕಿದ. "ಅವಳು ಹೋಗ್ತೀನಿ ಅಂತ ಕೇಳ್ಲಿಲ್ಲ." ಮತ್ತೆ, "ಹೋಗ್ತೀಯಾ ಅಂತ ನಾನೂ ಕೇಳ್ಲಿಲ್ಲ," ಅಂದ. ಅವನ ಮುಖ ಸಣ್ಣಗಾಗಿತ್ತು. ನನ್ನ ಕೈಯಿಂದ ಗುದ್ದಲಿ ತೆಗೆದುಕೊಂಡು, "ನೆಳ್ಳಿಗೆ ಹೋಗ್ರಿ. ಎರಡೂ ನಾನೇ ನೋಡ್ಕಂತೀನಿ," ಅಂದ. ಆಮೇಲೆ ಕಪಿಲೆಯಿಂದ ಕಾಲುವೆಗೆ, ಕಾಲುವೆಯಿಂದ ಕಪಿಲೆಗೆ ಓಡಾಡತೊಡಗಿದ. ಅರ್ಧ ನೀರು ಪೋಲಾಯಿತು. ಅದನ್ನು ನೋಡಲಾಗದೆ ನಾನು ಮತ್ತೆ ಇಳಿದೆ.

ಮಾರನೆಯ ದಿನ ಹೊತ್ತೇರುವ ಮುಂಚೆ ಗಾಡಿ ಬಂತು. ದ್ಯಾಮಮ್ಮ ಇಳಿದು ನೇರ ಕಾಲುವೆಗೆ ಬಂದಳು. ನಾನು ಕಟ್ಟಿದ ಮಡಿಗಳನ್ನೆಲ್ಲ ಒಂದು ಸಲ ನೋಡಿ ಬದುವಿನ ಮೇಲೆ ಕೂತಳು. ಜುಂಜಣ್ಣ ಎತ್ತು ಬಿಚ್ಚುತ್ತಿದ್ದ.

"ಸಿಕ್ಕಿದ್ರಾ ಅವ್ವ?" ಅಂದೆ.

"ಸಿಕ್ಕಿದ್ಳು. ಜಗಲಿ ಮೇಲೆ ಕುಂತಿದ್ಳು. ನಾನು ದ್ಯಾಮಿ ಅಂದೆ. ಕಿವಿನೂ ಸರಿ ಇಲ್ಲ, ಕೇಳ್ಲಿಲ್ಲ. ಅವಳ ಕೈಯಾಗೆ ನನ್ನ ಕೈ ಇಟ್ಟೆ. ಅಂಗೈ ಎಲ್ಲ ಸವರಿ ಸವರಿ ನೋಡಿದ್ಳು." ದ್ಯಾಮಮ್ಮ ತನ್ನ ಅಂಗೈಯನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡಿದ್ದಳು. ಅದು ಜಡ್ಡುಗಟ್ಟಿ ಬಿರಿದಿತ್ತು. "ನೋಡಿ, 'ಯಾರ ತೋಟದೋಳವ್ವ ನೀನು?' ಅಂತ ಕೇಳಿದ್ಳು."

ನಾನು ಅವಳ ಮಗ್ಗುಲಲ್ಲಿ ಕೂತೆ. ಇಬ್ಬರೂ ಅತ್ತೆವು. ಮುರುಗೇಶ ದೂರದಿಂದ ನೋಡಿ, ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ನಿಂತ.

ಸ್ವಲ್ಪ ಹೊತ್ತಿನ ಮೇಲೆ ದ್ಯಾಮಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ದನಿ ಮತ್ತೆ ಮೊದಲಿನಂತೆ ಗಡುಸಾಗಿತ್ತು. "ನಿಮ್ಮ ಹುಡುಗಿ ಕೈ ಜಡ್ಡುಗಟ್ಟಲ್ಲ ಅಂತ ನಾನು ಹೇಳಲ್ಲ. ತೋಟದ ಮನೆ, ಕೆಲಸ ಐತೆ. ಆದ್ರೆ ನಿಮ್ಮ ಕೈಗೆ ಅವಳ ಕೈ ಗುರ್ತು ತಪ್ಪೋ ಮುಂಚೆ ಕಳಿಸ್ತೀನಿ. ಪ್ರತಿ ಪಂಚಮಿಗೂ ಕಳಿಸ್ತೀನಿ."

ನಾನು ಎದ್ದು ಸೀಬೆ ಗಿಡದ ಹತ್ತಿರ ಹೋದೆ. ಕೈಗೆ ಎಟುಕುವ ಕೊಂಬೆಯಿಂದ ಒಂದು ಹಣ್ಣು ಕಿತ್ತೆ. ಅಂಗೈಯಲ್ಲಿ ಎದ್ದಿದ್ದ ಬೊಬ್ಬೆ ಉರಿಯಿತು.

"ಅಕ್ಕ!" ಎಂದು ಮುರುಗೇಶ ಓಡಿ ಬಂದ. "ಹರಿಯಬ್ಬೆಗೆ ಏನಂತ ಹೇಳಾಣ?"

"ಬಿ.ದುರ್ಗದಾಗೆ ಗೊತ್ತಾಯ್ತು ಅಂತ ಹೇಳು," ಅಂದು ಹಣ್ಣು ಕಚ್ಚಿದೆ. ಅದಿನ್ನೂ ಪೂರ್ತಿ ಮಾಗಿರಲಿಲ್ಲ, ಒಗರು. ಬೀಜ ಸಮೇತ ಅಗಿದು ನುಂಗಿದೆ.